ಅವನ ಎಡ, ನನ್ನ ಬಲ

ಫೆಬ್ರವರಿ 3, ಸೋಮವಾರ

ಮದುವೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ. ಎಣಿಸುವುದನ್ನು ಯಾವಾಗ ನಿಲ್ಲಿಸಬೇಕೋ ಗೊತ್ತಿಲ್ಲ. ಅಕ್ಕ ಫೋನಿನಲ್ಲಿ, "ನೂರು ದಾಟಿದ ಮೇಲೆ ತಾನಾಗೇ ನಿಲ್ಲುತ್ತೆ ಬಿಡು, ಆಮೇಲೆ ಬೇರೇನೋ ಎಣಿಸ್ತೀಯ" ಅಂದಳು. ಏನನ್ನು ಅಂತ ಕೇಳಿದರೆ, "ನೆಲದ ಮೇಲೆ ಬಿದ್ದಿರೋ ಒದ್ದೆ ಟವೆಲ್ಲು" ಅಂದಳು. ಅಕ್ಕನ ಮದುವೆಯಾಗಿ ಎಂಟು ವರ್ಷ. ಪಾಪ.

ಈ ಪುಸ್ತಕವನ್ನು ಬೀರುವಿನಲ್ಲಿ ನನ್ನ ಸ್ವೆಟರುಗಳ ಕೆಳಗೆ ಬಚ್ಚಿಡುತ್ತೇನೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳ ಒತ್ತಕ್ಷರ ಕಂಡರೆ ಇವನು ವಾರವಿಡೀ ನಗುತ್ತಾನೆ. ಮೊದಲು ಇಂಗ್ಲಿಷಿನಲ್ಲೇ ಬರೆಯಲು ಕೂತಿದ್ದೆ. ಇವನ ಬಗ್ಗೆ ಬರೆದದ್ದೆಲ್ಲ ಅಂಗಡಿಯಲ್ಲಿ ಸಿಗುವ ಶುಭಾಶಯ ಪತ್ರದ ಹಾಗೆ ಕಾಣಿಸಿತು. ಹರಿದುಹಾಕಿದೆ.

ಮನೆ ನೀರಿಗೆ ಎಷ್ಟು ಹತ್ತಿರ ಅಂದರೆ ಕಿಟಕಿಯ ಗಾಜು ಒರೆಸಿದರೆ ಬಟ್ಟೆಯಲ್ಲಿ ಉಪ್ಪು ಸಿಗುತ್ತದೆ. ಮೇಲೆ ಎರಡು ಕೋಣೆ ನಮ್ಮದು. ಕೆಳಗೆ ಅತ್ತೆಯ ಹೊಲಿಗೆ ಕೋಣೆ. ಅಲ್ಲಿ ಅವರು ಮೂವತ್ತು ವರ್ಷದಿಂದ ನೀರಾಟದ ಗಾಳಿಪಟಗಳನ್ನು ಹೊಲಿಯುತ್ತಾರೆ, ಹರಿದವನ್ನು ರಿಪೇರಿ ಮಾಡುತ್ತಾರೆ. ಪಟ ಅಂದರೆ ಮಕ್ಕಳು ಹಾರಿಸುವ ಕಾಗದದ್ದಲ್ಲ. ಬಿಚ್ಚಿ ಹರಡಿದರೆ ಒಂದು ಕೋಣೆಯ ನೆಲ ಮುಚ್ಚುತ್ತದೆ, ಅಂಚಿನ ಕೊಳವೆಗೆ ಗಾಳಿ ತುಂಬಿದರೆ ಬಿರುಸಾಗಿ ನಿಲ್ಲುತ್ತದೆ. ಇವನು ಸೊಂಟಕ್ಕೆ ಪಟ್ಟಿ ಕಟ್ಟಿ, ಅದಕ್ಕೆ ಪಟದ ದಾರ ಸಿಕ್ಕಿಸಿ, ಕಾಲಡಿ ಒಂದು ಹಲಗೆ ಇಟ್ಟುಕೊಂಡು ನೀರಿನ ಮೇಲೆ ಹೋಗುತ್ತಾನೆ. ಹೋಗುತ್ತಾನೆ ಅನ್ನುವುದು ಸಪ್ಪೆ ಮಾತು. ಇವತ್ತು ಅಲೆಯೊಂದರ ಬೆನ್ನು ಹತ್ತಿ ಇವನು ಮೇಲಕ್ಕೆ ಎದ್ದ, ಎದ್ದ, ಎದ್ದ. ಅಷ್ಟು ಹೊತ್ತು ನಾನು ಉಸಿರು ಹಿಡಿದು ನಿಂತಿದ್ದೆ. ಇಳಿದ ಮೇಲೆ ನನ್ನ ಕಡೆ ನೋಡಿ ತಲೆ ಕೆರೆದುಕೊಂಡ. ಆಕಾಶದಿಂದ ಬಂದವನು ತಲೆ ಕೆರೆದುಕೊಳ್ಳುತ್ತಾನೆ. ಇವನು ನನ್ನ ಗಂಡ.

ಫೆಬ್ರವರಿ 6, ಗುರುವಾರ

ಇವತ್ತು ದಾರ ಕಟ್ಟುವುದನ್ನು ಕಲಿತೆ.

ನಾಲ್ಕು ದಾರ, ಒಂದೊಂದೂ ಇಪ್ಪತ್ತು ಮೀಟರಿಗಿಂತ ಉದ್ದ. ಒಂದು ತುದಿ ಇವನು ಹಿಡಿಯುವ ಕೋಲಿಗೆ, ಇನ್ನೊಂದು ತುದಿ ಪಟಕ್ಕೆ. ನಡುವಿನ ಎರಡು ದಾರ ಇವನ ಭಾರ ಹೊರುತ್ತವೆ. ಹೊರಗಿನ ಎರಡು ಲಗಾಮು: ಎಡಗೈ ಎಳೆದರೆ ಪಟ ಎಡಕ್ಕೆ, ಬಲಗೈ ಎಳೆದರೆ ಬಲಕ್ಕೆ. ಎಡದ ದಾರದ ತುದಿಗೆ ಕೆಂಪು ಗುರುತು. ಪಟದ ಮೇಲೆ ಮಾತ್ರ ಯಾವ ಗುರುತೂ ಇಲ್ಲ. ಯಾಕೆ ಅಂದಿದ್ದಕ್ಕೆ ಅತ್ತೆ, "ಗುರುತು ಯಾಕಮ್ಮ, ನಡೆದು ನೋಡೋಕೆ ಕಾಲಿಲ್ವಾ?" ಅಂದರು.

ಈ ಮನೆಯಲ್ಲಿ ಅದೇ ಕಟ್ಟಳೆ. ಪಟ ಎತ್ತುವ ಮೊದಲು ಕೋಲಿನಿಂದ ಪಟದವರೆಗೆ ದಾರಗಳನ್ನು ಬೆರಳ ಸಂದಿಯಲ್ಲಿ ಹಿಡಿದು ನಡೆಯಬೇಕು. ಎಲ್ಲೂ ಒಂದರ ಮೇಲೊಂದು ಹಾಯಬಾರದು. ನಾನು ಎಷ್ಟು ಜೋಪಾನವಾಗಿ ಕಟ್ಟಿ ಮುಗಿಸಿದೆ. ಇವನು ಬಂದ, ಚಪ್ಪಲಿ ಬಿಟ್ಟ, ಏನೂ ಆಗದವನ ಹಾಗೆ ದಾರ ಹಿಡಿದು ನಡೆಯತೊಡಗಿದ.

"ನನ್ನ ಮೇಲೆ ನಂಬಿಕೆ ಇಲ್ವಾ?"

"ಇದೆ ಕಣೇ."

"ಮತ್ತೆ ನಡೀತಿದ್ದೀಯಲ್ಲ."

"ಅಮ್ಮ ಕಟ್ಟಿದ್ರೂ ನಡೀತೀನಿ."

ನಾನು ಅಮ್ಮ ಅಲ್ಲವಲ್ಲ. ಮುಖ ಉಬ್ಬಿಸಿಕೊಂಡು ಕೂತೆ. ಐದು ನಿಮಿಷಕ್ಕಿಂತ ಹೆಚ್ಚು ಆಗಲಿಲ್ಲ, ಇವನು ನನ್ನ ಕಿವಿಯಲ್ಲಿ ಮರಳಿದೆ ಅಂತ ಊದಿದ.

ಫೆಬ್ರವರಿ 11, ಮಂಗಳವಾರ

ವೇಗ ಅಂದರೆ ಏನು ಅಂತ ಇವತ್ತು ಗೊತ್ತಾಯಿತು.

ಮರಳಿನ ದಿಬ್ಬದ ಹಿಂದೆ ಉದ್ದಕ್ಕೆ ನೀರು ನಿಂತ ಜಾಗವಿದೆ. ಅಲೆ ಒಳಗೆ ಬರುವುದಿಲ್ಲ, ಗಾಳಿ ಮಾತ್ರ ಬರುತ್ತದೆ. ಐನೂರು ಮೀಟರಿನ ಅಂತರಕ್ಕೆ ಎರಡು ಕಂಬ ನೆಟ್ಟಿದ್ದಾರೆ. ಈ ಕಂಬದಿಂದ ಆ ಕಂಬಕ್ಕೆ ಎಷ್ಟು ಬೇಗ, ಅಷ್ಟೇ ಆಟ. ಗಡಿಯಾರದ ಮಾವ ಮಡಚುವ ಕುರ್ಚಿ ಹಾಕಿಕೊಂಡು ಸಮಯ ನೋಡುತ್ತಾರೆ. ಅವರು ಯಾರ ಮಾವನೂ ಅಲ್ಲ. ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದರು. ನಿವೃತ್ತರಾದ ಮೇಲೂ ಸ್ಟಾಪ್‌ವಾಚು ಕೊರಳಿನಿಂದ ಇಳಿದಿಲ್ಲ. ಊಟಕ್ಕೆ ಕೂತಾಗಲೂ ಒತ್ತುತ್ತಾರಂತೆ.

ಇವನ ಹೋದ ವರ್ಷದ ವೇಗ ಗಂಟೆಗೆ ಎಪ್ಪತ್ತನಾಲ್ಕು ಕಿಲೋಮೀಟರ್. ಈ ವರ್ಷ ಎಂಬತ್ತು ಮುಟ್ಟಬೇಕು. ಮಾರ್ಚ್ ಕೊನೆಗೆ ಅಳತೆಯ ವಾರ, ಬೇರೆ ಕಡೆಯವರೂ ಬರುತ್ತಾರೆ. ಅದಕ್ಕೆಂದೇ ಅತ್ತೆ ನಾಲ್ಕು ತಿಂಗಳಿನಿಂದ ಹೊಸ ಪಟ ಹೊಲಿಯುತ್ತಿದ್ದಾರೆ. ಚಿಕ್ಕದು, ಬಿಗಿ, ಬೂದು ಬಣ್ಣದ್ದು.

ಇವನು ಹಳೇ ಪಟದಲ್ಲೇ ಮೂರು ಸಲ ಓಡಿದ. ಹಲಗೆ ನೀರನ್ನು ಸೀಳುವ ಸದ್ದು ಮೊದಲು ಬಂತು, ಆಮೇಲೆ ಇವನು, ಆಮೇಲೆ ನೀರಿನ ಬಿಳಿ ಗೆರೆ. ನಾನೂ ಜೊತೆಗೆ ಓಡೋಣ ಅಂತ ದಂಡೆಯ ಮೇಲೆ ಸೆರಗು ಸಿಕ್ಕಿಸಿ ಓಡಿದೆ. ಹತ್ತು ಹೆಜ್ಜೆಗೆ ಇವನು ಬೆರಳಷ್ಟಾದ, ಆಮೇಲೆ ಕಾಣಲೇ ಇಲ್ಲ. ಗಡಿಯಾರದ ಮಾವ, "ನಿನ್ನದೂ ಹಿಡಿದಿದ್ದೀನಮ್ಮ, ಬರ್ಕೊಳ್ಲಾ?" ಅಂದರು.

ಬೆಳಗ್ಗೆ ನಾನು ಕಟ್ಟಿದ ದಾರ ನಡೆದು ನೋಡುವಾಗ ಇವನು ಪಟದ ಹತ್ತಿರ ಬಗ್ಗಿ ಎರಡು ದಾರ ಬಿಚ್ಚಿ ಮತ್ತೆ ಸಿಕ್ಕಿಸಿದ. ಏನಾಯಿತು ಅಂದೆ. ಏನಿಲ್ಲ ಅಂದ. ಸುಮ್ಮನೆ ನನ್ನನ್ನು ರೇಗಿಸಲು ಮಾಡುತ್ತಾನೆ ಅನ್ನಿಸುತ್ತದೆ.

ಫೆಬ್ರವರಿ 15, ಶನಿವಾರ

ನಾನು ಹಾರಿದೆ. ಸರಿ, ಹಾರಲಿಲ್ಲ. ಗಾಳಿ ನನ್ನನ್ನು ನೀರಿನಲ್ಲಿ ಗೋಣಿಚೀಲದ ಹಾಗೆ ಎಳೆದುಕೊಂಡು ಹೋಯಿತು. ಹಲಗೆ ಇಲ್ಲ, ಚಿಕ್ಕ ಪಟ, ಇವನು ಹಿಂದಿನಿಂದ ನನ್ನ ಸೊಂಟದ ಪಟ್ಟಿ ಹಿಡಿದಿದ್ದ. ಒಂದು ಕ್ಷಣ ಬಿಟ್ಟ. ಆ ಒಂದು ಕ್ಷಣ ತಲೆಯ ಮೇಲಿನ ಇಡೀ ಆಕಾಶ ನನ್ನ ಎರಡು ಕೈಗೆ ಬಂದಿತ್ತು, ನನ್ನ ಮಾತು ಕೇಳುತ್ತಿತ್ತು. ಎಡಕ್ಕೆ ಅಂದರೆ ಎಡಕ್ಕೆ. ಬಾಯಿ ತುಂಬ ಉಪ್ಪುನೀರು, ಆದರೂ ನಗು ನಿಲ್ಲಲಿಲ್ಲ. ಕಣ್ಣು, ಮೂಗು, ನಗು ಎಲ್ಲದರಿಂದಲೂ ನೀರು.

ಅತ್ತೆ ದಂಡೆಯಿಂದ, "ಲೋ, ಬಿಡಬೇಡ್ವೋ ಅವಳನ್ನ, ನಮ್ಮ ಮನೆಗೆ ಬಂದು ತಿಂಗಳಾಗಿದೆ ಅಷ್ಟೇ" ಅಂತ ಕೂಗಿದರು. ಸಂಜೆ ಕೂದಲಿನ ಸಿಕ್ಕು ಬಿಡಿಸಿಕೊಟ್ಟರು. ಅವರ ಬೆರಳಿಗೆ ಸಿಕ್ಕು ಅಂದರೆ ಇಷ್ಟ. ಅರ್ಧ ಗಂಟೆಯಲ್ಲಿ ಒಂದು ಕೂದಲೂ ಕೀಳಲಿಲ್ಲ.

ಫೆಬ್ರವರಿ 21, ಶುಕ್ರವಾರ

ಹೊಸ ಪಟ ಮುಗಿಯಿತು. ಅತ್ತೆ ಕೊನೆಯ ನೂಲನ್ನು ಹಲ್ಲಿನಲ್ಲಿ ಕಡಿದು, ಕನ್ನಡಕ ತೆಗೆದು, ಮಗನಿಗೆ, "ತಗೋ. ಇದಕ್ಕಿಂತ ಚೆನ್ನಾಗಿ ನನಗೆ ಬರಲ್ಲ" ಅಂದರು. ಇವನು ಬಗ್ಗಿ ಹೊಲಿಗೆಗೆ ಮೂಗು ತಾಗಿಸಿ ನೋಡಿದ. "ಅಮ್ಮಾ, ಇದನ್ನ ನೀರಿಗೆ ಹಾಕೋಕೆ ಮನಸ್ಸೇ ಬರಲ್ಲ" ಅಂದ. "ಹಾಗಾದ್ರೆ ಕಿಟಕಿಗೆ ಪರದೆ ಮಾಡ್ಕೋ."

ನಾಳೆ ಮೊದಲ ಪರೀಕ್ಷೆ. ದಾರ ನಾನೇ ಕಟ್ಟುತ್ತೇನೆ. ಇವನಿಂದ ಮಾತು ತೆಗೆದುಕೊಂಡೆ: ನಾಳೆ ಒಂದು ದಿನ, ಒಂದೇ ಒಂದು ದಿನ, ನಡೆದು ನೋಡಬಾರದು. ಕಣ್ಣು ಮುಚ್ಚಿ ನಂಬಬೇಕು. ಇವನು ದಾರದ ತುದಿಯೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿದ. ಆಮೇಲೆ "ಸರಿ, ನಾಳೆ ನಡೆಯಲ್ಲ" ಅಂದ.

ನಾನು ಎಷ್ಟು ಪುಣ್ಯವಂತೆ ಅಂತ ಅಕ್ಕನಿಗೆ ಮೆಸೇಜು ಹಾಕಿದೆ. ಅಕ್ಕ ಬರೀ ಒಂದು ಟವೆಲಿನ ಚಿತ್ರ ಕಳಿಸಿದಳು.

ಫೆಬ್ರವರಿ 22, ಶನಿವಾರ

ಬಿದ್ದ. ಆಸ್ಪತ್ರೆಯಿಂದ ಸಂಜೆ ಬಂದೆವು. ಭುಜದ ಮೂಳೆ ಮುರಿದಿದೆ. ಜೀವಕ್ಕೆ ಏನೂ ಇಲ್ಲ. ಏನೂ ಇಲ್ಲ ಅಂತ ಡಾಕ್ಟರು ಮೂರು ಸಲ ಹೇಳಿದರು.

ಫೆಬ್ರವರಿ 23, ಭಾನುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಇವನು ಮಾತು ಉಳಿಸಿಕೊಂಡ. ನಡೆಯಲಿಲ್ಲ. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಪಟ ಎತ್ತು ಅಂತ ಗಡಿಯಾರದ ಮಾವನಿಗೆ ಸನ್ನೆ ಮಾಡಿದ. ಪಟ ಎದ್ದಿತು, ಒಂದು ಕಡೆಗೆ ವಾಲಿತು. ಇವನು ಸರಿಪಡಿಸಲು ಎಳೆದ. ಎಳೆದಷ್ಟೂ ಇನ್ನೂ ಆ ಕಡೆಗೇ ವಾಲಿತು, ಗಿರ್ರನೆ ಸುತ್ತಿ ಕೆಳಕ್ಕೆ ಬಂತು. ಇವನನ್ನು ಎತ್ತಿ ದಂಡೆಯ ಗಟ್ಟಿ ಮರಳಿಗೆ ಬಡಿಯಿತು. ಪಟ ನೀರಿಗೆ ಅಪ್ಪಳಿಸಿ ಒಡೆದ ಸದ್ದು ಆಮೇಲೆ ಬಂತು.

ಮಾವ ಇವನ ಹತ್ತಿರ ಓಡಿದರು. ನಾನೂ ಓಡಿದೆ. ಇವನು ಕಣ್ಣು ಬಿಟ್ಟು ಮಾತಾಡಿದ ಮೇಲೆ, ಗಾಡಿ ಬರುವವರೆಗೆ, ಗಾಳಿಗೆ ಪಟ ಮತ್ತೆ ಎದ್ದೀತು ಅಂತ ಮಾವ ದಾರ ಬಿಚ್ಚಲು ನನ್ನನ್ನು ಕಳಿಸಿದರು.

ಕೆಂಪು ಗುರುತಿನ ದಾರ ಬಲ ತುದಿಯಲ್ಲಿತ್ತು.

ದಾರ ಸಿಕ್ಕಿಸುವಾಗ ನಾನು ಪಟದ ಹತ್ತಿರ ಮಂಡಿಯೂರಿ ಇವನ ಕಡೆ ಮುಖ ಮಾಡಿ ಕೂತಿದ್ದೆ. ಇವನು ಆ ತುದಿಯಲ್ಲಿ ಪಟ್ಟಿ ಬಿಗಿದುಕೊಳ್ಳುತ್ತಿದ್ದ, ನಾನು ಇವನನ್ನೇ ನೋಡುತ್ತಿದ್ದೆ. ಕೆಂಪು ಎಡಕ್ಕೆ ಅಂತ ಬಾಯಲ್ಲಿ ಹೇಳಿಕೊಂಡು ನನ್ನ ಎಡಕ್ಕೆ ಸಿಕ್ಕಿಸಿದೆ. ಎದುರುಬದುರು ಕೂತವರಲ್ಲಿ ನನ್ನ ಎಡ ಇವನಿಗೆ ಬಲ. ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ.

ಬಿಚ್ಚಿದೆ. ಸುತ್ತಿದೆ. ಯಾರಿಗೂ ಹೇಳಲಿಲ್ಲ.

ಫೆಬ್ರವರಿ 26, ಬುಧವಾರ

ಗಡಿಯಾರದ ಮಾವ ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದರು. "ಹೊಲಿಗೆ ಬಿಟ್ಟಿತು ಅನ್ಸುತ್ತೆ. ಗಾಳಿ ಸೋರಿ ಒಂದು ಕಡೆ ವಾಲಿತು" ಅಂದರು. ಕೇಡು ಬಯಸಿ ಹೇಳಿದ್ದಲ್ಲ. ಒಡೆದ ಪಟವನ್ನು ಎಲ್ಲರೂ ನೋಡಿದ್ದಾರೆ, ಹಾಗೇ ಅಂದುಕೊಳ್ಳುತ್ತಾರೆ. ಇವನೂ, "ಪಟ ಮಾತೇ ಕೇಳಲಿಲ್ಲ ಮಾವ" ಅಂದ.

ಅತ್ತೆ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆ ಇಟ್ಟು ಕೆಳಗೆ ಹೋದರು. ಒಡೆದ ಪಟ ಚೀಲದಲ್ಲೇ ಇದೆ, ಅವರು ಬಿಚ್ಚಿಯೇ ಇಲ್ಲ.

ನನ್ನ ಬಾಯಿ ಎಲ್ಲಿ ಹೋಗಿತ್ತು.

ಮಾರ್ಚ್ 4, ಮಂಗಳವಾರ

ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಕನ್ನಡಕ ಸರಿಯಾಗೇ ಇದೆಯಂತೆ. "ಹಾಗಾದ್ರೆ ಕೈ ಹೋಗಿರಬೇಕು" ಅಂದರು, ಬೇರೆ ಯಾರದೋ ಕೈ ಬಗ್ಗೆ ಹೇಳುವವರ ಹಾಗೆ. ರಿಪೇರಿಗೆ ಬಂದಿದ್ದ ಪಟಗಳನ್ನು ಒಂದೊಂದಾಗಿ ವಾಪಸು ಕಳಿಸುತ್ತಿದ್ದಾರೆ. ಬೆಳಗ್ಗೆ ಏಳಕ್ಕೆ ಶುರುವಾಗುತ್ತಿದ್ದ ಮಿಷನ್ನಿನ ಸದ್ದು ಇಲ್ಲ. ಈ ಮನೆಗೆ ಬಂದಾಗ ಅದು ನಿದ್ದೆ ಕೆಡಿಸುತ್ತದೆ ಅಂತ ಇವನ ಹತ್ತಿರ ಮುದ್ದಿನಲ್ಲಿ ದೂರಿದ್ದೆ. ಈಗ ಏಳಕ್ಕೆ ತಾನಾಗಿ ಎಚ್ಚರವಾಗುತ್ತದೆ, ಕಾಯುತ್ತೇನೆ.

ಅತ್ತೆ ಇವನಿಗೆ ಊಟ ಬಡಿಸುವಾಗ ಇವನ ಮುಖ ನೋಡುವುದಿಲ್ಲ. ತಟ್ಟೆ ನೋಡುತ್ತಾರೆ.

ಇವನಿಗೆ ಅಂಗಿ ತೊಡಿಸುವುದು, ಶೂ ಕಟ್ಟುವುದು ನನ್ನ ಕೆಲಸ. "ನನಗೆ ಇಷ್ಟು ಒಳ್ಳೆ ಹೆಂಡತಿ ಸಿಗ್ತಾಳೆ ಅಂದ್ಕೊಂಡಿರಲಿಲ್ಲ" ಅಂದ. ಲೇಸು ಕಟ್ಟುವ ನೆಪದಲ್ಲಿ ತಲೆ ಎತ್ತಲಿಲ್ಲ.

ಮಾರ್ಚ್ 6, ಗುರುವಾರ

ಇಂದೂ ಹೇಳಲಿಲ್ಲ.

ಮಾರ್ಚ್ 11, ಮಂಗಳವಾರ

ದೋಣಿಗಳಿಗೆ ಹೊದಿಕೆ ಹೊಲಿಯುವ ಹೆಂಗಸು ಕೈಗಾಡಿ ತಂದಿದ್ದಳು. ಅತ್ತೆ ಅವಳಿಗೆ ಮಿಷನ್ನು ಕೊಟ್ಟುಬಿಡುತ್ತಾರಂತೆ. ನನಗೆ ಮೆಟ್ಟಿಲ ಮೇಲೆ ಅವರ ಮಾತು ಕೇಳಿಸಿತು.

"ಎಣ್ಣೆ ವಾರಕ್ಕೊಮ್ಮೆ ಹಾಕು. ಸೂಜಿ ಜಾಸ್ತಿ ಬಿಗಿಬೇಡ."

"ನಿನಗೆ ಬೇಡ್ವೇನಕ್ಕಾ?"

"ನನ್ನ ಕೈ ನಂಬೋ ಹಾಗಿಲ್ಲ."

ಕೆಳಗೆ ಹೋದಾಗ ಅತ್ತೆ ಮಿಷನ್ನನ್ನು ಹಳೇ ಬನಿಯನ್ನಿನಲ್ಲಿ ಒರೆಸುತ್ತಿದ್ದರು. ಚಕ್ರ, ಹಿಡಿ, ಸೂಜಿಯ ಕೆಳಗಿನ ತಗಡು. ಮೂವತ್ತು ವರ್ಷ ಅವರ ಎಡ ಅಂಗೈ ಉಜ್ಜಿದ ಕಡೆ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಇವನು ಮುರಿದ ಭುಜ ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತಿದ್ದ.

ನಾನು ಆ ಹೊಳೆಯುವ ಜಾಗದ ಮೇಲೆ ಕೈ ಇಟ್ಟೆ.

"ಅತ್ತೆ, ಇದನ್ನ ಕೊಡಬೇಡಿ. ನಿಮ್ಮ ಹೊಲಿಗೆ ಅಲ್ಲ. ನಾನು ದಾರ ಅದಲು ಬದಲು ಸಿಕ್ಕಿಸಿದ್ದೆ. ಕೆಂಪು ದಾರ ಬಲ ತುದೀಲಿತ್ತು. ಬಿಚ್ಚಿದಾಗಲೇ ನೋಡಿದೆ. ಹೇಳಲಿಲ್ಲ."

ದೋಣಿ ಹೊದಿಕೆಯವಳು ಸದ್ದಿಲ್ಲದೆ ಗಾಡಿ ಹಿಂದಕ್ಕೆ ತಳ್ಳಿಕೊಂಡು ಹೊರಟುಬಿಟ್ಟಳು. ಬುದ್ಧಿವಂತೆ.

ಅತ್ತೆ ಬನಿಯನ್ನಿನ ತುಂಡನ್ನು ಮಡಚಿದರು. ಇನ್ನೊಂದು ಸಲ ಮಡಚಿದರು.

"ಹದಿನೇಳು ದಿನ" ಅಂದರು. "ಹದಿನೇಳು ದಿನ ನನ್ನ ಕೈಯಾರೆ ನನ್ನ ಮಗನ್ನ ಕೊಲ್ತಿದ್ದೆ ಅಂತ ಅಂದ್ಕೊಂಡು ಅನ್ನ ತಿಂದಿದ್ದೀನಿ. ನೀನು ಎದುರಿಗೇ ಕೂತು ಬಡಿಸಿಕೊಂಡೆ."

ನಾನು ಮಿಷನ್ನಿನ ಮೇಲಿಂದ ಕೈ ತೆಗೆದೆ.

ಆಗ ಇವನು, "ಅಮ್ಮಾ, ಇವಳು ಅದಕ್ಕೆ ಮೊದಲೂ ಒಂದು ಸಲ ಹಾಗೇ ಕಟ್ಟಿದ್ಲು. ನಾನು ನೋಡಿ ಸರಿ ಮಾಡಿದ್ದೆ. ಬೇಜಾರು ಮಾಡ್ಕೋತಾಳೆ ಅಂತ ಹೇಳಲಿಲ್ಲ. ಬಿದ್ದ ದಿನ ಮಾತ್ರ ನಡೀಬೇಡ ಅಂದ್ಲು, ನಡೀಲಿಲ್ಲ" ಅಂದ.

ಅತ್ತೆ ನಮ್ಮಿಬ್ಬರನ್ನೂ ನೋಡಿದರು. "ಹೆಂಡತಿ ಮುಖ ನೋಡೋನಿಗೆ ದಾರ ನೋಡೋಕೆ ಏನಾಗಿತ್ತು? ಇವಳು ನಿನ್ನ ಮುಖ, ನೀನು ಇವಳ ಮುಖ. ಪಟ ಯಾರು ನೋಡ್ತಾರೆ, ಅದರಪ್ಪನಾ?"

ಯಾರೂ ನಗಲಿಲ್ಲ. ಅತ್ತೆ ಮೂಲೆಯಿಂದ ಆ ಚೀಲ ಎಳೆದು, ಹದಿನೇಳು ದಿನದ ಮೇಲೆ ಮೊದಲ ಸಲ ಬಿಚ್ಚಿದರು. ಒಣಗಿದ ಮರಳು ನೆಲಕ್ಕೆ ಸುರಿಯಿತು. ಹರಿದ ಜಾಗ ಹುಡುಕಿ ಕನ್ನಡಕ ಹಾಕಿಕೊಂಡರು, ಆಮೇಲೆ ಕನ್ನಡಕ ತೆಗೆದು ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಹೊಲಿಗೆಯ ಉದ್ದಕ್ಕೂ ಸವರಿದರು. ಪೂರ್ತಿ ಒಂದು ಸಲ. ವಾಪಸು ಒಂದು ಸಲ.

"ಬಟ್ಟೆ ಹರಿದಿದೆ" ಅಂದರು. "ಹೊಲಿಗೆ ಪಕ್ಕದಲ್ಲಿ. ನೂಲು ಒಂದೂ ಬಿಟ್ಟಿಲ್ಲ."

ಅಷ್ಟು ಹೇಳಿ ಆ ಬೂದು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡರು. ಇವನು ಒಂದೇ ಕೈಯಲ್ಲಿ ಅವರ ಬೆನ್ನು ಸವರುತ್ತ ನಿಂತ. ನಾನು ಎಲ್ಲಿ ನಿಲ್ಲಬೇಕೋ ತಿಳಿಯದೆ ಮರಳು ಗುಡಿಸಿದೆ.

ಮಾರ್ಚ್ 14, ಶುಕ್ರವಾರ

ಅತ್ತೆ ಮೂರು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಉಪ್ಪು ಬೇಕಾದರೆ ಮಗನಿಗೆ, "ಅವಳಿಗೆ ಉಪ್ಪು ಕೊಡೋಕೆ ಹೇಳು" ಅನ್ನುತ್ತಾರೆ. ನಾನು ಕೊಡುತ್ತೇನೆ. ಇವನು ನಡುವೆ ಕೂತು, "ಕೊಟ್ಟಳು ಅಂತ ಹೇಳ್ಲಾ?" ಅಂದು ಇಬ್ಬರಿಂದಲೂ ಬೈಸಿಕೊಂಡ.

ಗಡಿಯಾರದ ಮಾವನ ಮನೆಗೆ ನಾನೇ ನಡೆದು ಹೋಗಿ ವಿಷಯ ಹೇಳಿದೆ. ಪಟಗಳನ್ನು ವಾಪಸು ಪಡೆದ ಆರು ಮನೆಗೂ ಹೋದೆ. ಐದನೆಯ ಮನೆಯ ಹೊತ್ತಿಗೆ ಹೇಳುವುದು ಅಭ್ಯಾಸವಾಗಿತ್ತು, ಆರನೆಯದರಲ್ಲಿ ಮೊದಲಿನಿಂದ ಎರಡು ಸಲ ಹೇಳಬೇಕಾಯಿತು. ಮೂರು ಪಟ ಹೆಗಲ ಮೇಲೆ ಹೊತ್ತು ತಂದೆ. ಉಳಿದವನ್ನು ಅವರೇ ತರುತ್ತಾರೆ.

ಬೆಳಗ್ಗೆ ಏಳಕ್ಕೆ ಮಿಷನ್ನು ಸದ್ದು ಮಾಡಿತು. ನಾನು ಮೇಲೆ ಹಾಸಿಗೆಯಲ್ಲಿ ಎದ್ದು ಕೂತೆ. ಇವನು, "ಈಗ ನಿದ್ದೆ ಕೆಡಲ್ವಾ?" ಅಂದ.

ಮಾರ್ಚ್ 17, ಸೋಮವಾರ

"ಇಲ್ಲಿ ಕೂತ್ಕೋ" ಅಂದರು ಅತ್ತೆ. ನನಗೇ, ನೇರವಾಗಿ.

ಒಂದು ತುಂಡು ಬಟ್ಟೆ ಕೊಟ್ಟು ನೇರ ಹೊಲಿಗೆ ಹಾಕು ಅಂದರು. ಹಾಕಿದೆ. ಬಿಚ್ಚಿದರು. ಮತ್ತೆ ಹಾಕಿದೆ. ಮತ್ತೆ ಬಿಚ್ಚಿದರು. ಹನ್ನೊಂದನೆಯ ಸಲ ಬಿಚ್ಚಲಿಲ್ಲ. ಚೆನ್ನಾಗಿದೆ ಅನ್ನಲೂ ಇಲ್ಲ.

"ನಾನು ಮದುವೆಯಾದ ಹೊಸದ್ರಲ್ಲಿ ಇವನ ಅಪ್ಪನ ದೋಣಿ ಹಗ್ಗ ಸರಿಯಾಗಿ ಕಟ್ಟದೆ ಬಿಟ್ಟಿದ್ದೆ. ದೋಣಿ ತೇಲಿ ಹೋಯ್ತು."

"ಸಿಗ್ತಾ?"

"ದೋಣಿ ಸಿಕ್ತು. ಊಟದ ಡಬ್ಬಿ ಸಿಗಲಿಲ್ಲ. ಅವತ್ತೇ ಹೇಳಿದ್ದೆ ನಾನು." ಕನ್ನಡಕದ ಮೇಲಿಂದ ನೋಡಿದರು. "ಅವತ್ತೇ."

"ಹೂಂ ಅತ್ತೆ."

ಅಳತೆಯ ವಾರ ಈ ಸಲ ಇವನಿಗಿಲ್ಲ. ಇವನಿಗೆ ಬೇಜಾರಿದೆ, ತೋರಿಸುವುದಿಲ್ಲ. ಕಿಟಕಿಯಲ್ಲಿ ಕೂತು ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನನ್ನನ್ನು ಕೇಳುತ್ತಾನೆ. ನೀರಿನ ಮೇಲಿನ ಕಪ್ಪು ನೆರಿಗೆ ನೋಡಿ ಹೇಳುತ್ತೇನೆ. ಈಚೆಗೆ ತಪ್ಪುವುದು ಕಡಿಮೆ.

ಏಪ್ರಿಲ್ 12, ಶನಿವಾರ

ತುಂಬ ದಿನವಾಯಿತು ಬರೆದು. ಕೈತುಂಬ ಕೆಲಸ. ಅಳತೆಯ ವಾರದವರು ಬಿಟ್ಟುಹೋದ ಒಂಬತ್ತು ಹರಿದ ಪಟಗಳಲ್ಲಿ ನಾಲ್ಕು ನಾನು ಹೊಲಿದೆ.

ಬೂದು ಪಟವೂ ಸರಿಯಾಯಿತು. ಅದರ ಎಡ ತುದಿಗೆ ಕೆಂಪು ನೂಲಿನಲ್ಲಿ ಗುರುತು ಹಾಕಲು ಅತ್ತೆ ನನಗೆ ಸೂಜಿ ಕೊಟ್ಟರು. "ಗುರುತು ಬೇಡ ಅಂತಿದ್ರಲ್ಲ" ಅಂದೆ. "ಕಾಲೂ ಇರಲಿ, ಗುರುತೂ ಇರಲಿ" ಅಂದರು.

ಇವನ ಭುಜ ಕೂಡಿದೆ. ನಾಳೆಯಿಂದ ನಿಧಾನಕ್ಕೆ ನೀರಿಗೆ ಇಳಿಯಬಹುದು ಅಂತ ಡಾಕ್ಟರು ಹೇಳಿದ್ದಾರೆ. ಇವತ್ತು ನಾನು ಇಳಿದೆ. ಮೊದಲ ಸಲ ಹಲಗೆಯ ಮೇಲೆ, ಚಿಕ್ಕ ಪಟದಲ್ಲಿ. ನನ್ನ ದಾರ ನಾನೇ ಕಟ್ಟಿಕೊಂಡೆ, ಕೋಲಿಗೆ ಬೆನ್ನು ಹಾಕಿ, ಕೋಲು ಹಿಡಿದವರು ನೋಡುವ ಕಡೆಗೆ ನೋಡುತ್ತ. ಕಟ್ಟಿ ನಡೆದೂ ನೋಡಿದೆ. ಇವನು ಚಪ್ಪಲಿ ಬಿಟ್ಟು ಕೋಲಿನಿಂದ ಪಟದವರೆಗೆ ನಡೆದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಸಲ ನಡೆದರು. ಗಡಿಯಾರದ ಮಾವ, "ನಾನೊಬ್ಬ ಬಾಕಿ" ಅಂತ ಕುರ್ಚಿಯಿಂದ ಎದ್ದರು. ನಾಲ್ಕು ಜೊತೆ ಹೆಜ್ಜೆ ಮರಳಿನಲ್ಲಿ ಒಂದೇ ಗೆರೆಯಲ್ಲಿ ಬಿದ್ದವು.

ಏಳು ಸಲ ಬಿದ್ದೆ. ಎಂಟನೆಯ ಸಲ ಪಟ ಕೆಳಕ್ಕೆ ಧುಮುಕಿ ಎಳೆಯಿತು, ಹಲಗೆ ಕಾಲಡಿ ನೀರು ಬಿಟ್ಟು ಮೇಲೆ ಬಂತು, ನಾನು ನಿಂತಿದ್ದೆ. ಹಲಗೆಯ ಕೆಳಗೆ ನೀರು ಬಟ್ಟೆ ಹರಿಯುವ ಹಾಗೆ ಸದ್ದು ಮಾಡುತ್ತಿತ್ತು. ಎಷ್ಟು ವೇಗ ಅಂದರೆ ಭೂಮಿಯೇ ಹಿಂದೆ ಬಿದ್ದಿತು ಅನ್ನಿಸಿತು. ಆದರೆ ಪಕ್ಕಕ್ಕೆ ನೋಡಿದರೆ ದಂಡೆಯ ಮೇಲೆ ಇವನು ಓಡುತ್ತಿದ್ದ, ಭುಜ ಒಂದು ಕೈಯಲ್ಲಿ ಹಿಡಿದುಕೊಂಡು, ನನ್ನ ಪಕ್ಕಕ್ಕೇ, ಒಂದು ಹೆಜ್ಜೆ ಹಿಂದೆ ಬೀಳದೆ. ಬೀಳುವ ತನಕ ಓಡಿದ. ಹನ್ನೊಂದು ಸೆಕೆಂಡು. ಗಂಟೆಗೆ ಹದಿನಾರು ಕಿಲೋಮೀಟರ್ ಅಂತ ಗಡಿಯಾರದ ಮಾವ ಲೆಕ್ಕ ಹಾಕಿ, ಈ ಸಲ ಕೇಳದೆ ಬರೆದುಕೊಂಡರು.

ನಾಳೆ ಬೆಳಗ್ಗೆ ಇವನ ಸರದಿ. ಬೂದು ಪಟಕ್ಕೆ ದಾರ ನಾನು ಕಟ್ಟುತ್ತೇನೆ. ಇವನು ನಡೆದು ನೋಡುತ್ತಾನೆ.